ವಿಶ್‌ಲಿಸ್ಟ್ ಯಾರೂ ಒತ್ತುತ್ತಿಲ್ಲ, ಗಿರಾಕಿಗಳನ್ನ ಕೇಳಿ ಬದಲಾಯಿಸಿದವರು ಇದ್ದೀರಾ?

ಹುಬ್ಬಳ್ಳಿ, ಇಳಕಲ್ ಸೀರೆ: ನಾವು ಅಕ್ಕ-ತಂಗಿ ನಡೆಸುವ ಸೈಟು. ಇಷ್ಟವಾದದ್ದನ್ನು ಆಮೇಲೆ ನೋಡಲು ಪಟ್ಟಿಯಲ್ಲಿ (ವಿಶ್‌ಲಿಸ್ಟ್) ಇಟ್ಟುಕೊಳ್ಳಲಿ ಅಂತ ಪ್ರತಿ ಸೀರೆ ಪಕ್ಕ ಹಾರ್ಟ್ ಗುರುತಿದೆ. ಜನ ಸೆರಗು ದೊಡ್ಡದು ಮಾಡಿ ನೋಡುತ್ತಾರೆ, ಕೊಳ್ಳುತ್ತಾರೆ, ಅದನ್ನು ಮಾತ್ರ ಮುಟ್ಟುವುದಿಲ್ಲ. ಗಿರಾಕಿಗಳನ್ನು ಕೇಳಿ ಹೊಸದಾಗಿ ಮಾಡಿಸೋಣ ಅಂತಿದ್ದೇವೆ. ಅನುಭವ ಇದ್ದವರು ಹೇಳಿ.

ಗದಗ, ರೆಡಿಮೇಡ್: ಅಕ್ಕಾರೆ, ದುಡ್ಡು ಜಾಸ್ತಿ ಆಗಿದ್ದರೆ ಮಾಡಿಸಿ. ಗಿರಾಕಿಗಳನ್ನು ಕೇಳಿ ವರದಿ ಕೊಡಿ ಅಂತ ಬೆಂಗಳೂರಿನ ಒಂದು ಏಜೆನ್ಸಿಗೆ 85,000 ಕೊಟ್ಟೆ. 18% ಜಿಎಸ್‌ಟಿ ಸೇರಿ 1,00,300. ಫಾರ್ಮ್ ತುಂಬಿದವರಿಗೆ 100 ರೂಪಾಯಿ ಕೂಪನ್, ಅದೂ ನನ್ನ ತಲೆ ಮೇಲೆ. ಎಲ್ಲರೂ 'ಹೌದು, ಬೇಕು' ಅಂತ ಟಿಕ್ ಹಾಕಿದರು. ಕೂಪನ್ ಕೊಟ್ಟರೆ ಯಾರು ಬೇಡ ಅಂತಾರೆ? ಬಟನ್ ದೊಡ್ಡದು ಮಾಡಿದ್ದಕ್ಕೆ ಡೆವಲಪರ್ 22,000 ಬೇರೆ ತಗೊಂಡ. ಆ ಗದ್ದಲದಲ್ಲಿ ಹಳೆ ಪಟ್ಟಿಗಳೆಲ್ಲ ಅಳಿಸಿ ಹೋದವು. ಇದ್ದ ನಾಲ್ಕು ಜನರೂ ಬೈದರು. ವರದಿ ಮಾತ್ರ ಚೆಂದ ಇತ್ತು, ಬಣ್ಣದ ಚಾರ್ಟು.

ಬ್ಯಾಡಗಿ, ಮೆಣಸಿನಕಾಯಿ: ಕೇಳಬಾರದು ರೀ, ನೋಡಬೇಕು. ನಾನು ರಾಣೆಬೆನ್ನೂರಿನ ಗಿರಾಕಿಗಳ ಮನೆಗೇ ಹೋಗಿ ಕೂತೆ. 'ನಮ್ಮ ಸೈಟಲ್ಲಿ ಕಾಯಿ ಆರಿಸಿ' ಅಂದು ಸುಮ್ನೆ ಇದ್ದೆ. ಒಬ್ಬರು ಹಾರ್ಟ್ ಒತ್ತಿದರು. ಮೊಬೈಲ್ ನಂಬರ್ ಹಾಕಿ, ಒಟಿಪಿ ಹಾಕಿ ಅಂತ ಬಂತು. ಅಲ್ಲಿಂದ ವಾಪಸ್ ಬಂದು, ಸ್ಕ್ರೀನ್‌ಶಾಟ್ ಹೊಡೆದು ಅತ್ತೆಗೆ ವಾಟ್ಸಾಪ್ ಮಾಡಿದರು: 'ಕಡ್ಡಿ ತಗೊಳ್ಳಲೋ, ಡಬ್ಬಿಯೋ?' (ಎರಡೂ ಬ್ಯಾಡಗಿ ಕಾಯಿಯ ತಳಿ). ಉಳಿದವರೂ ಹೆಚ್ಚುಕಮ್ಮಿ ಹಾಗೇ. ಲಾಗಿನ್ ತೆಗೆಸಿ, ಹಾರ್ಟ್ ಇದ್ದ ಜಾಗದಲ್ಲಿ 'ಮನೆಯವರಿಗೆ ಕಳಿಸಿ' ಅಂತ ಇಟ್ಟೆ. ಈಗ ಅದನ್ನೇ ಒತ್ತುತ್ತಾರೆ. ಖರ್ಚು ಅಂದರೆ ಬಸ್ ಚಾರ್ಜು, ಮನೆಗೊಂದು ಕೆಜಿ ಕಾಯಿ. ಹೀಗೆ ನೋಡೋಕೆ 5 ಜನ ಸಾಕು ಅಂತ ವೆಬ್‌ಸೈಟ್ ಬಳಕೆಯ ತಜ್ಞ ಜಾಕೊಬ್ ನೀಲ್ಸನ್ 2000ರಲ್ಲೇ ಬರೆದಿದ್ದಾರೆ.

ಧಾರವಾಡ, ಡಿಸೈನ್ ಕೆಲಸ: ಅರ್ಧ ಓದಿ ಹೇಳಬೇಡಿ ಸರ್. 5 ಜನರಿಂದ ಸುಮಾರು 85% ತೊಡಕು ಕಣ್ಣಿಗೆ ಬೀಳುತ್ತವೆ ಅನ್ನೋದು ಅವರ ಲೆಕ್ಕ. ಎಲ್ಲಿ ತಡವರಿಸುತ್ತಾರೆ ಅಂತ ಗೊತ್ತಾಗುತ್ತೆ, ಎಷ್ಟು ಜನಕ್ಕೆ ಬೇಕು ಅಂತ ಅಲ್ಲ. ಅದಕ್ಕೆ ಸೈಟಿನಲ್ಲಿ ಎಷ್ಟು ಜನ ಏನು ಒತ್ತಿದರು ಅನ್ನೋ ಲೆಕ್ಕ ತೆಗೆದು ನೋಡಬೇಕು. ಅಲ್ಲದೆ ಕಾಯಿ ಕೊಟ್ಟು ಎದುರು ಕೂತರೆ ಯಾರು ಕೆಟ್ಟದ್ದು ಹೇಳುತ್ತಾರೆ?

ಬ್ಯಾಡಗಿ: ಕಾಯಿ ಕೊಟ್ಟಿದ್ದು ಎದ್ದು ಬರುವಾಗ. ನಿಮ್ಮ ಫೀಸು ಎಷ್ಟು, ಅದನ್ನ ಹೇಳಿ ಮೊದಲು.

ಗದಗ: ಅವರದು ಮೆಣಸಿನಕಾಯಿ, ಮತ್ತೆ ಸಿಗುತ್ತೆ. ಕೈಮಗ್ಗದ ಸೀರೆ ಆ ಬಣ್ಣದಲ್ಲಿ ಒಂದೇ ಇರಬಹುದು. ಅತ್ತೆ ಉತ್ತರ ಕೊಡುವುದರೊಳಗೆ ಮಾರಿಹೋಗಿರುತ್ತೆ.

ಬ್ಯಾಡಗಿ: ಮತ್ತೆ ಸಿಗುತ್ತಾ? ಸುಗ್ಗಿ ಮುಗಿದ ಮೇಲೆ ಕೋಲ್ಡ್ ಸ್ಟೋರೇಜ್ ಬಾಡಿಗೆ ನೀವು ಕಟ್ತೀರಾ?