ಅಪ್‌ಡೇಟ್: ಅಜ್ಜಿಯ ಹೃದಯದ ವಾಲ್ವ್ ವಿಷಯ

84 ವರ್ಷದ ಅಜ್ಜಿಗೆ ಅಯೋರ್ಟಿಕ್ ವಾಲ್ವ್ (ಹೃದಯದಿಂದ ದೇಹಕ್ಕೆ ರಕ್ತ ಹೊರಹೋಗುವ ಬಾಗಿಲು) ಕಿರಿದಾಗಿದೆ, ಆಪರೇಷನ್ ಮಾಡಿಸೋದಾ ಬೇಡವಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ವಾಲ್ವ್ ತೆರೆಯುವ ಜಾಗ 0.7 ಚದರ ಸೆಂ.ಮೀ. ಬಂತು. 1ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಂತ ಲೆಕ್ಕ. ಮಾತ್ರೆಯಿಂದ ಅದು ಅಗಲ ಆಗೋದಿಲ್ಲ. ಎದೆ ತೆರೆಯದೆ, ತೊಡೆಸಂದಿಯ ರಕ್ತನಾಳದ ಮೂಲಕ ಹೊಸ ವಾಲ್ವ್ ಕೂರಿಸುವ ಟಾವಿ ಮಾಡಬಹುದು ಅಂದರು ಡಾಕ್ಟರು. ಪಾರ್ಶ್ವವಾಯುವಿನ ಅಪಾಯ, ಪೇಸ್‌ಮೇಕರ್ ಬೇಕಾಗಬಹುದು ಅನ್ನೋದನ್ನೂ ಬಿಡಿಸಿ ಹೇಳಿದರು.

ನಾವೆಲ್ಲ ಸುಮ್ನೆ ವಾದ ಮಾಡುತ್ತಿದ್ದೆವು. ಅಜ್ಜಿಯನ್ನೇ ಯಾರೂ ಕೇಳಿರಲಿಲ್ಲ! ಕೇಳಿದಾಗ ಮಂಚದ ಅಂಚು ಹಿಡಿದುಕೊಂಡೇ ಹೇಳಿದರು: "ಬಚ್ಚಲಿಗೆ ಹೋಗಿ ಬರೋಷ್ಟರಲ್ಲಿ ಎರಡು ಸಲ ಕೂತ್ಕೋತೀನಿ. ಎಷ್ಟು ವರ್ಷ ಅನ್ನೋದು ಬೇಡ, ಉಸಿರು ಸಲೀಸಾದರೆ ಸಾಕು."

ಒಪ್ಪಿಬಿಟ್ಟೆವು. ಸಿಟಿ ಸ್ಕ್ಯಾನ್‌ನಲ್ಲಿ ರಕ್ತನಾಳ ಚೆನ್ನಾಗಿದೆ. ಮುಂದಿನ ಮಂಗಳವಾರ ಟಾವಿ.