ಐದು ಡಿಸ್ಕ್ ಚೇಂಜರ್ ಸುತ್ತುತ್ತಲೇ ಇದೆ, ಕೊನೆಗೆ ‘ನೋ ಡಿಸ್ಕ್’ ಅನ್ನುತ್ತದೆ. ಏನು ಮಾಡಲಿ?

ಕುವೆಂಪುನಗರ ಕೇಳುಗ (ಭಾನುವಾರ, ರಾತ್ರಿ 9:40)

ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಸಿಡಿ ಚೇಂಜರ್ ಒಂದನ್ನು, ಅಂದರೆ ಐದು ಸಿಡಿ ಒಟ್ಟಿಗೆ ಹಾಕಿದರೆ ತಾನೇ ಒಂದೊಂದಾಗಿ ಬದಲಿಸಿ ಹಾಡುವ ಪ್ಲೇಯರ್ ಅನ್ನು, ಬೆಂಗಳೂರಿನಿಂದ ತಂದಿದ್ದೆ. 6,500 ರೂಪಾಯಿ ಕೊಟ್ಟಿದ್ದೆ. ಬೆಳಗ್ಗೆ ಕಾಫಿ ಹೊತ್ತಿಗೆ ಐದು ಡಿಸ್ಕ್ ಹಾಕಿದರೆ ಮಧ್ಯಾಹ್ನದ ಊಟದವರೆಗೂ ಎದ್ದು ಹೋಗುವ ಹಾಗಿಲ್ಲ. ಅಷ್ಟು ಆರಾಮ. ಈಗ ಹದಿನೈದು ದಿನದಿಂದ ಪ್ಲೇ ಒತ್ತಿದರೆ ಒಳಗೆ ತಟ್ಟೆ ಗರ್ ಅಂತ ಸುತ್ತುತ್ತದೆ, ಟಕ್ ಅನ್ನುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಟಕ್. ಕೊನೆಗೆ ‘ನೋ ಡಿಸ್ಕ್’. ಐದು ಡಿಸ್ಕ್ ಒಳಗಿಟ್ಟುಕೊಂಡು ಡಿಸ್ಕ್ ಇಲ್ಲ ಅನ್ನುತ್ತದಲ್ಲ, ಅದೇ ಸಿಟ್ಟು. ಒಮ್ಮೊಮ್ಮೆ ಎರಡನೇದು ಮಾತ್ರ ಹಾಡುತ್ತದೆ.

ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಮುಚ್ಚಳ ಕೂಡ ತೆಗೆಯಲಿಲ್ಲ. ‘ಲೆನ್ಸ್ ಹೋಗಿದೆ ಸಾರ್, ತೂಕಕ್ಕೆ ಹಾಕಿ, ಬ್ಲೂಟೂತ್ ತಗೊಳ್ಳಿ’ ಅಂದರು. ಡಿಸ್ಕ್ ಎಲ್ಲ ಕ್ಲೀನ್ ಇದೆ. ಬೇಗ ಹೇಳಿ.

ಲೆನ್ಸ್ ಡಾಕ್ಟರ್

ಅಂಗಡಿಯವರು ಸರಿಯಾಗೇ ಹೇಳಿದ್ದಾರೆ. ಲೆನ್ಸ್. ನೂರಕ್ಕೆ ತೊಂಬತ್ತು ಸಲ ಲೆನ್ಸೇ. ಆದರೆ ತೂಕಕ್ಕೆ ಹಾಕಬೇಡಿ. 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಒಣಗಿದ ಮೇಲೆ ಪೊರೆ ಕಟ್ಟುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿ ಅದ್ದಿ, ಹಿಂಡಿ, ಲೆನ್ಸ್ ಮೇಲೆ ಹಗುರವಾಗಿ ಒಂದು ಸುತ್ತು. ಲೆನ್ಸ್ ತೆಳು ತಂತಿಯ ಮೇಲೆ ತೇಲುತ್ತಿರುತ್ತದೆ, ಒತ್ತಿದರೆ ಕಥೆ ಮುಗೀತು. ಪವರ್ ಹಾಕಿಕೊಂಡು ಇಣುಕಬೇಡಿ. ಅದು 780 ನ್ಯಾನೊಮೀಟರ್ ಲೇಸರ್, ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಆದರೆ ಕಣ್ಣು ಹಾಳು ಮಾಡುತ್ತದೆ.

ಸಕ್ಕರೆ ಸೀಮೆ (ಮಂಡ್ಯ)

ಅಣ್ಣ, ಮೊದಲು ಇದಕ್ಕೆ ಉತ್ತರ ಕೊಡಿ. ಮಾಡೆಲ್ ಯಾವುದು? ತಟ್ಟೆ ಸುತ್ತುವ ಕ್ಯಾರೊಸೆಲ್ಲೋ, ಡಬ್ಬಿ ಸಿಕ್ಕಿಸುವ ಮ್ಯಾಗಜೀನೋ? ಟಕ್ ಅಂದ ಮೇಲೆ ಡಿಸ್ಕ್ ತಿರುಗುವ ಸದ್ದು ಬರುತ್ತದಾ, ಇಲ್ವಾ? ಹದಿನೈದು ದಿನದ ಹಿಂದೆ ಏನಾಯಿತು?

ಕುವೆಂಪುನಗರ ಕೇಳುಗ

ಮಾಡೆಲ್ ಏನು ಮಾಡ್ತೀರಿ, ಕಪ್ಪು ಬಣ್ಣ, ಮುಂದೆ ಟ್ರೇ ಬರುತ್ತದೆ, ಐದು ಡಿಸ್ಕ್. ಎಲ್ಲ ಒಂದೇ ಥರ ಅಲ್ವಾ? ಏನೂ ಆಗಿಲ್ಲ, ತಾನಾಗೇ ಕೆಟ್ಟಿತು. ಟ್ರೇ ಪೂರ್ತಿ ಹೊರಗೆ ತಂದು ಸಂದಿಯಲ್ಲಿ ಕಡ್ಡಿ ಹಾಕಿ ಲೆನ್ಸ್ ಒರೆಸಿದೆ. ವ್ಯತ್ಯಾಸ ಸೊನ್ನೆ.

ಲೆನ್ಸ್ ಡಾಕ್ಟರ್

ಸಂದಿಯಲ್ಲಿ ಒರೆಸಿದರೆ ಸಾಲದು. ಇಲ್ಲವೇ ಲೇಸರ್ ಮುದಿಯಾಗಿದೆ. ಪಿಕಪ್ (ಲೇಸರ್, ಲೆನ್ಸ್ ಇರುವ ಭಾಗ) ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಒಂದು ಸ್ಕ್ರೂ ಇರುತ್ತದೆ, ಟ್ರಿಮ್ ಪಾಟ್. ಚೂರೇ ಚೂರು ತಿರುಗಿಸಿ. ನಾನು ಎಷ್ಟೋ ಪ್ಲೇಯರ್ ಹೀಗೇ ಎಬ್ಬಿಸಿದ್ದೇನೆ.

ಅಗ್ರಹಾರದ ಆಂಪ್ಲಿ

ದಯವಿಟ್ಟು ಅದನ್ನು ಮಾತ್ರ ಮುಟ್ಟಬೇಡಿ. ಅದು ಲೇಸರ್‌ಗೆ ಹೋಗುವ ಕರೆಂಟ್ ಏರಿಸುತ್ತದೆ. ನಾಲ್ಕು ದಿನ ಚೆನ್ನಾಗಿ ಹಾಡುತ್ತದೆ, ಆಮೇಲೆ ಡಯೋಡ್ ಸುಟ್ಟುಕೊಳ್ಳುತ್ತದೆ. ಡಾಕ್ಟರ್ ಎಬ್ಬಿಸಿದ ಪ್ಲೇಯರ್‌ಗಳು ಈಗ ಎಲ್ಲಿ ಮಲಗಿವೆ ಅಂತಲೂ ಬರೆಯಲಿ.

ಲೆನ್ಸ್ ಡಾಕ್ಟರ್

ಇಪ್ಪತ್ತು ವರ್ಷದಿಂದ ಬೆಸುಗೆ ಹಾಕುತ್ತಿದ್ದೇನೆ ಸ್ವಾಮಿ. ನೀವು ಬೆಸುಗೆ ಗನ್ ಹಿಡಿದಿದ್ದೀರಾ?

ಅಗ್ರಹಾರದ ಆಂಪ್ಲಿ

ಅದು ಗನ್ ಅಲ್ಲ, ಐರನ್. ಗನ್ ಬೇರೆ.

ಸಕ್ಕರೆ ಸೀಮೆ (ಮಂಡ್ಯ)

ಇಬ್ಬರೂ ಸ್ವಲ್ಪ ತಡೀರಿ. ಐದು ಡಿಸ್ಕಿಗೂ ಇರುವುದು ಒಂದೇ ಲೆನ್ಸ್. ಎರಡನೇದು ಹಾಡುತ್ತದೆ ಅಂದರೆ ಲೆನ್ಸ್ ಬದುಕಿದೆ. ಕೇಳುಗರೇ, ಆ ಡಿಸ್ಕಿನ ಕೊನೇ ಟ್ರ್ಯಾಕ್ ಸಲೀಸಾಗಿ ಬರುತ್ತದಾ? ಸಿಡಿ ಒಳಗಿನಿಂದ ಹೊರಕ್ಕೆ ಓದುತ್ತದೆ. ಶುರುವಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವಾಗ 200. ಅಂಚಿನವರೆಗೂ ತೊದಲದೆ ಹೋದರೆ ಲೇಸರ್, ಮೋಟರು, ಲೇಸರ್ ಸರಿಯುವ ಹಳಿ ಮೂರೂ ಸರಿ ಇವೆ.

ಆ ಟಕ್ ಸದ್ದೇ ನಿಜವಾದ ಸುಳಿವು. ತಟ್ಟೆಯ ಅಡಿಯಲ್ಲಿ ಸೀಳುಗಳಿರುತ್ತವೆ. ಒಂದು ಪುಟ್ಟ ಬೆಳಕಿನ ಸೆನ್ಸರ್ ಅವನ್ನು ಎಣಿಸುತ್ತದೆ. ಒಂದನೇ ಗುಂಡಿ (ಡಿಸ್ಕ್ ಕೂರುವ ತಗ್ಗು) ಬಂತು, ಎರಡನೇದು ಬಂತು ಅಂತ ಗೊತ್ತಾಗುವುದು ಅದರಿಂದಲೇ. ಸೆನ್ಸರ್ ಮೇಲೆ ಧೂಳು ಕೂತರೆ ಲೆಕ್ಕ ತಪ್ಪುತ್ತದೆ. ಬೆಲ್ಟ್ ಸಡಿಲ ಆದರೆ ತಟ್ಟೆ ಅರ್ಧಕ್ಕೇ ನಿಲ್ಲುತ್ತದೆ. ಏನಾದರೂ ಅಡ್ಡ ಸಿಕ್ಕಿದ್ದರೆ ಬಡಿದು ವಾಪಸ್ ಬರುತ್ತದೆ. ಮೂರರಲ್ಲೂ ಅದು ಕೊನೆಗೆ ಹೇಳುವುದು ಒಂದೇ, ‘ನೋ ಡಿಸ್ಕ್’. ಪಾಪ, ಅದಕ್ಕೆ ಬೇರೆ ಮಾತು ಬರುವುದಿಲ್ಲ.

ಒಂದೇ ಡಿಸ್ಕ್ ಒಂದೇ ಮಾತು

ಇದಕ್ಕೇ ನಾನು ಚೇಂಜರ್ ತಂಟೆಗೆ ಹೋಗುವುದಿಲ್ಲ. ಅಷ್ಟೊಂದು ಗೇರು, ಬೆಲ್ಟು, ಪ್ಲಾಸ್ಟಿಕ್ಕು. ಚೇಂಜರ್ ಅಂದರೆ ಮದುವೆ ಮನೆ ಸಾಮಾನು. ಸಂಗೀತ ಕೇಳುವವರು ಎದ್ದು ಹೋಗಿ ಡಿಸ್ಕ್ ಬದಲಿಸುತ್ತಾರೆ. ನನ್ನ ಮರಾಂಟ್ಜ್ ಒಂದೇ ಡಿಸ್ಕಿನದು, ಟ್ರೇ ಬೆಣ್ಣೆ ಥರ ಬರುತ್ತದೆ. ಜೊತೆಗೆ ವಾಲ್ವ್ ಆಂಪ್ಲಿ, ಬೀಟೆ ಮರದ ಬಾಕ್ಸಿನಲ್ಲಿ ಸ್ಪೀಕರ್. ಫೋಟೊ ಹಾಕಲಾ?

ಅಗ್ರಹಾರದ ಆಂಪ್ಲಿ

ಬೇಡ, ಹೋದ ತಿಂಗಳು ಮೂರು ಸಲ ಹಾಕಿದ್ದೀರಿ. ಚೇಂಜರ್ ಹಿಂದೆ ಆಪ್ಟಿಕಲ್ ಔಟ್ (ಡಿಜಿಟಲ್ ಸಿಗ್ನಲ್ ಬೆಳಕಾಗಿ ಹೊರಬರುವ ಕಿಂಡಿ) ಇದ್ದರೆ ಬೇರೆ ಡ್ಯಾಕ್‌ಗೆ, ಅಂದರೆ ಡಿಜಿಟಲ್ಲನ್ನು ಸದ್ದಿನ ಸಿಗ್ನಲ್ ಮಾಡುವ ಪೆಟ್ಟಿಗೆಗೆ, ಕೊಡಬಹುದು. ಆಮೇಲೆ ಡಿಸ್ಕ್ ಒಂದೋ ಐದೋ, ಸೊನ್ನೆ ಒಂದುಗಳಿಗೆ ಏನು ಗೊತ್ತು?

ಇನ್ನೊಂದು ಮಾತು. ಡಿಸ್ಕ್ ಬದಲಿಸುವ ಯಂತ್ರ ಕೀಳು ಅನ್ನುವವರಿಗೆ ನಮ್ಮೂರಿನ ಕಥೆಯೇ ಗೊತ್ತಿಲ್ಲ. ಜಯಚಾಮರಾಜ ಒಡೆಯರು ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರ್ ಅವರ ಸಂಗೀತವನ್ನು 1940ರ ದಶಕದ ಕೊನೆಯಲ್ಲಿ ಖರ್ಚು ಕೊಟ್ಟು ರೆಕಾರ್ಡ್ ಮಾಡಿಸಿದರು. ಆಗಿನದು ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆ, 12 ಇಂಚಿನದಾದರೂ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ. ಒಂದು ದೊಡ್ಡ ಕೃತಿ ಕೇಳಲು ಎಷ್ಟು ಸಲ ಏಳಬೇಕು, ಲೆಕ್ಕ ಹಾಕಿ. ಅದಕ್ಕೇ ಆ ಕಾಲದಲ್ಲೇ ತಟ್ಟೆ ಒಂದರ ಮೇಲೊಂದು ಬೀಳಿಸುವ ಆಟೊ ಚೇಂಜರ್ ಇತ್ತು.

ಒಂದೇ ಡಿಸ್ಕ್ ಒಂದೇ ಮಾತು

ಮಹಾರಾಜರಿಗೆ ಎದ್ದು ಬದಲಿಸಲು ಆಳುಗಳಿದ್ದರು ಬಿಡಿ.

ಲೆನ್ಸ್ ಡಾಕ್ಟರ್

ವಿಷಯಕ್ಕೆ ಬನ್ನಿ. ನಾನು ಈಗಲೂ ಲೆನ್ಸ್ ಅಂತಲೇ ಹೇಳುತ್ತೇನೆ. ಎರಡನೇ ಡಿಸ್ಕ್ ಹೊಸದಿರಬೇಕು, ಅದಕ್ಕೇ ಓದುತ್ತಿದೆ.

ಕುವೆಂಪುನಗರ ಕೇಳುಗ (ಮಂಗಳವಾರ)

ಎರಡನೇದು ಕಾಳಿಂಗರಾಯರ ಗೀತೆಗಳ ಡಿಸ್ಕ್, ನಮ್ಮಪ್ಪ ತಂದಿದ್ದು, ಹೊಸದೇನಲ್ಲ. ಕೊನೇವರೆಗೂ ಚೆನ್ನಾಗಿ ಬರುತ್ತದೆ. ಬೆಲ್ಟ್ ಎಲ್ಲಿ ಸಿಗುತ್ತದೆ ಅಂತ ಹೇಳಿ ಸಾಕು. ಮಹಾರಾಜರ ವಿಷಯ ಆಮೇಲೆ ನೋಡೋಣ. ಮನೆಯಲ್ಲಿ ಬೇರೆ ಬೈಗುಳ. ದಸರೆಗೆ ಗೊಂಬೆ ಕೂರಿಸಲು ಜಾಗ ಬೇಕು ಅಂತ ಇದನ್ನು ಅಟ್ಟಕ್ಕೆ ಹಾಕಿದ್ದೆವು. ಅಲ್ಲೇ ಇರಲಿ ಬಿಡಿ ಅನ್ನುತ್ತಿದ್ದಾಳೆ.

ಸಕ್ಕರೆ ಸೀಮೆ (ಮಂಡ್ಯ)

ಒಂದು ನಿಮಿಷ. ಅಟ್ಟಕ್ಕೆ ಹಾಕಿದ್ದಿರಾ? ಹೇಗೆ ಇಟ್ಟಿರಿ?

ಕುವೆಂಪುನಗರ ಕೇಳುಗ

ಜಾಗ ಸಾಲಲಿಲ್ಲ, ಪುಸ್ತಕದ ಥರ ನಿಲ್ಲಿಸಿ ಇಟ್ಟೆ. ಬಟ್ಟೆ ಸುತ್ತಿದ್ದೆ, ಏಟು ಬಿದ್ದಿಲ್ಲ.

ಸಕ್ಕರೆ ಸೀಮೆ (ಮಂಡ್ಯ)

ಡಿಸ್ಕ್ ತೆಗೆದಿದ್ದಿರಾ?

ಕುವೆಂಪುನಗರ ಕೇಳುಗ

ಇಲ್ಲ, ಐದೂ ಒಳಗೇ ಇತ್ತು. ಯಾಕೆ?

ಅಗ್ರಹಾರದ ಆಂಪ್ಲಿ

ಯಾಕೆ ಅಂತೆ! ಎರಡು ದಿನದಿಂದ ಇಲ್ಲಿ ಲೇಸರ್ ತರಂಗಾಂತರ ಲೆಕ್ಕ ಹಾಕುತ್ತಿದ್ದೇವೆ. ‘ಏನೂ ಆಗಿಲ್ಲ, ತಾನಾಗೇ ಕೆಟ್ಟಿತು.’ ಆಯುಧಪೂಜೆಗೆ ಒಂದು ಹೂವೂ ಇಡದೆ ಅಟ್ಟಕ್ಕೆ ಎಸೆದರೆ ಇನ್ನೇನಾಗುತ್ತದೆ.

ಸಕ್ಕರೆ ಸೀಮೆ (ಮಂಡ್ಯ)

ಕ್ಯಾರೊಸೆಲ್ಲಿನಲ್ಲಿ ಡಿಸ್ಕ್ ಸುಮ್ನೆ ಗುಂಡಿಯಲ್ಲಿ ಮಲಗಿರುತ್ತದೆ ಅಷ್ಟೇ, ಯಾರೂ ಹಿಡಿದುಕೊಂಡಿರುವುದಿಲ್ಲ. ನಿಲ್ಲಿಸಿದರೆ ಜಾರಿ ತಟ್ಟೆಯ ಹಿಂದಕ್ಕೋ ಅಡಿಗೋ ಬೀಳುತ್ತದೆ. ಸಾಗಿಸುವ ಮೊದಲು ಡಿಸ್ಕ್ ತೆಗೆಯಿರಿ ಅಂತ ಕೈಪಿಡಿಯಲ್ಲಿ ಬರೆಯುವುದು ಇದಕ್ಕೇ. ಟ್ರೇ ಈಚೆಗೆ ಬಂದಾಗ ಎಷ್ಟು ಡಿಸ್ಕ್ ಇದೆ ಅಂತ ಎಣಿಸಿದಿರಾ?

ಮೊದಲು ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಬದಿಯ ಮತ್ತು ಹಿಂದಿನ ಸ್ಕ್ರೂ ತೆಗೆದು ಮುಚ್ಚಳವನ್ನು ಹಿಂದಕ್ಕೆ ಎಳೆದು ಮೇಲೆತ್ತಿ. ಯಾವ ಸ್ಕ್ರೂ ಎಲ್ಲಿಯದು ಅಂತ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಪವರ್ ಸಪ್ಲೈ ಹತ್ತಿರ ಬೆರಳು ಹಾಕಬೇಡಿ. ತಟ್ಟೆ ಕೈಯಲ್ಲೇ ನಿಧಾನ ತಿರುಗಿಸಿ, ಅಡಿಗೆ ಟಾರ್ಚ್ ಬಿಡಿ. ಬಲ ಹಾಕಬೇಡಿ, ಗೇರಿನ ಹಲ್ಲು ಮುರಿದರೆ ಯಾವ ಬೆಲ್ಟೂ ಉಳಿಸುವುದಿಲ್ಲ.

ಕುವೆಂಪುನಗರ ಕೇಳುಗ (ಮಂಗಳವಾರ, ರಾತ್ರಿ 11:15)

ಎಣಿಸಿರಲಿಲ್ಲ. ನಾಲ್ಕೇ ಇತ್ತು. ಒಂದು ಗುಂಡಿ ಖಾಲಿ ಇದ್ದದ್ದು ಕಣ್ಣಿಗೇ ಬಿದ್ದಿಲ್ಲ ನೋಡಿ.

ಐದನೇದು ತಟ್ಟೆಯ ಹಿಂದೆ ಓರೆಯಾಗಿ ಸಿಕ್ಕಿಕೊಂಡಿತ್ತು. ಪ್ರತಿ ಸಲ ತಟ್ಟೆ ಹೋಗಿ ಅದಕ್ಕೆ ಬಡಿಯುತ್ತಿತ್ತು. ತೆಗೆದ ತಕ್ಷಣ ತಟ್ಟೆ ಸಲೀಸಾಗಿ ಸುತ್ತಿತು. ಆದರೆ ಸಿಕ್ಕಿದ್ದು ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಡಿಸ್ಕ್. ಮೇಲಿನ ಮಗ್ಗುಲಲ್ಲಿ, ಅಕ್ಷರ ಇರುವ ಕಡೆ, ಗೀರು ಬಿದ್ದಿದೆ. ಅಡಿಯಲ್ಲಿ ಏನೂ ಆಗಿಲ್ಲ, ಹಾಗಾಗಿ ಪರವಾಗಿಲ್ಲ ಅಲ್ವಾ?

ಸಕ್ಕರೆ ಸೀಮೆ (ಮಂಡ್ಯ)

ಉಲ್ಟಾ ಅಣ್ಣ. ಅಡಿಯ ಗೀರಾಗಿದ್ದರೆ ನಾನೇ ಉಜ್ಜಿ ಸರಿ ಮಾಡಿಕೊಡುತ್ತಿದ್ದೆ. ಡಿಸ್ಕಿನ ದಪ್ಪ 1.2 ಮಿಲಿಮೀಟರು, ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಅಡಿಯ ಪ್ಲಾಸ್ಟಿಕ್ಕೇ. ಹಾಡು ಇರುವ ಹೊಳೆಯುವ ಪದರ ಇರುವುದು ಮೇಲೆ, ಅಕ್ಷರದ ಕೆಳಗೇ. ಅದರ ಮೇಲೆ ಬರೀ ವಾರ್ನಿಷ್ ಥರ ತೆಳು ಲೇಪ. ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಗೀರಿನ ಜಾಗದಲ್ಲಿ ಸೂಜಿ ಚುಚ್ಚಿದ ಹಾಗೆ ಬೆಳಕು ತೂರಿ ಬಂದರೆ ಅಷ್ಟು ಭಾಗ ಹೋಯಿತು. ಮೊದಲು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ, ಎಷ್ಟು ಬರುತ್ತದೋ ಅಷ್ಟು.

ಕುವೆಂಪುನಗರ ಕೇಳುಗ

ಎರಡು ಕಡೆ ಬೆಳಕು ಬರುತ್ತಿದೆ. ಇದನ್ನು ಹಾಕಿಕೊಂಡು ಅಪ್ಪ ಸಂಜೆ ಜಗುಲಿಯಲ್ಲಿ ಕೂರುತ್ತಿದ್ದರು. ಇರಲಿ.

ಇನ್ನೊಂದು. ಈಗ ನಾಲ್ಕು ಗುಂಡಿ ಓದುತ್ತದೆ, ಮೂರನೇದು ಮಾತ್ರ ಇಲ್ಲ.

ಲೆನ್ಸ್ ಡಾಕ್ಟರ್

ನಾನು ಹೇಳಲಿಲ್ವಾ!! ಲೆನ್ಸ್ ವೀಕ್.

ಸಕ್ಕರೆ ಸೀಮೆ (ಮಂಡ್ಯ)

ಮೂರನೇ ಗುಂಡಿಯ ಡಿಸ್ಕನ್ನು ಎರಡಕ್ಕೆ ಹಾಕಿ. ಕಾಯಿಲೆ ಗುಂಡಿಯದ್ದೋ ಡಿಸ್ಕಿನದ್ದೋ ಗೊತ್ತಾಗುತ್ತದೆ.

ಕುವೆಂಪುನಗರ ಕೇಳುಗ

ಎರಡರಲ್ಲೂ ಬರುತ್ತಿಲ್ಲ. ಡಿಸ್ಕ್ ಚೆನ್ನಾಗಿದೆ, ಮಗನ ಲ್ಯಾಪ್‌ಟಾಪಿನಲ್ಲಿ ಹಾಡುತ್ತದೆ. ಅವನೇ ಬರೆದುಕೊಟ್ಟಿದ್ದು, 120 ಹಾಡಿದೆ.

ಅಗ್ರಹಾರದ ಆಂಪ್ಲಿ

120 ಹಾಡಾ? ಆಡಿಯೊ ಸಿಡಿಯಲ್ಲಿ 99 ಟ್ರ್ಯಾಕ್ ದಾಟುವ ಹಾಗೇ ಇಲ್ಲ, ಸಮಯವೂ 80 ನಿಮಿಷದ ಸುತ್ತಮುತ್ತ ಮುಗಿಯುತ್ತದೆ. ಅದು ಎಂಪಿ3 ಡಿಸ್ಕ್ ಸ್ವಾಮಿ. ನಿಮ್ಮ ಹಳೇ ಚೇಂಜರ್‌ಗೆ ಅದು ಪರಭಾಷೆ. ಆಡಿಯೊ ಸಿಡಿ ಅಂತ ಆರಿಸಿ ಬರೆಯಲು ಮಗನಿಗೆ ಹೇಳಿ. ಬರೆಯುವಾಗ ಸಿಡಿ-ಆರ್ (ಒಂದೇ ಸಲ ಬರೆಯುವಂಥದ್ದು) ಹಾಕಲಿ. ಅಳಿಸಿ ಮತ್ತೆ ಬರೆಯುವ ಆರ್‌ಡಬ್ಲ್ಯೂ ಬೇಡ, ಅದರಿಂದ ವಾಪಸ್ ಬರುವ ಬೆಳಕು ತೀರಾ ಕಮ್ಮಿ, ಹಳೇ ಪ್ಲೇಯರ್‌ಗಳು ಓದುವುದಿಲ್ಲ.

ಲೆನ್ಸ್ ಡಾಕ್ಟರ್

ಒಳ್ಳೇ ಲೆನ್ಸ್ ಆದರೆ ಆರ್‌ಡಬ್ಲ್ಯೂ ಕೂಡ ಓದುತ್ತದೆ.

ಹೆಬ್ಬಾಳ್ ಹೊಸಬ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನೂ ಒಂದು ಚೇಂಜರ್ ತಗೋಬೇಕು ಅಂತಿದ್ದೇನೆ. ಜಪಾನಿನಿಂದ ಬಂದ ಮಾಲು ಒಂದು ಕಮ್ಮಿಗೆ ಸಿಗುತ್ತಿದೆ. ತಗೊಳ್ಳಲಾ?

ಶ್ರೀರಂಗಪಟ್ಟಣ ಸ್ಟೀರಿಯೊ

ಹಿಂದೆ ವೋಲ್ಟೇಜ್ ಓದಿ. ಜಪಾನ್ ಮಾಲಾದರೆ 100 ವೋಲ್ಟ್. ನಮ್ಮ 230ಕ್ಕೆ ಸಿಕ್ಕಿಸಿದರೆ ಹೊಗೆಯೇ ಮೊದಲ ಹಾಡು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಮ್ಯಾಗಜೀನ್ ಥರದ್ದಾದರೆ ಡಬ್ಬಿ ಜೊತೆಗಿದೆಯಾ ಕೇಳಿ. ಒಬ್ಬರ ಡಬ್ಬಿ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ, ಡಬ್ಬಿ ಇಲ್ಲದಿದ್ದರೆ ಅದು ಬರೀ ಪೆಟ್ಟಿಗೆ. ಕ್ಯಾರೊಸೆಲ್ಲಿನ ಲಾಭ ಏನೆಂದರೆ, ಕೆಲವದರಲ್ಲಿ ಒಂದು ಹಾಡುತ್ತಿರುವಾಗಲೇ ಟ್ರೇ ತೆಗೆದು ಉಳಿದದ್ದು ಬದಲಿಸಬಹುದು. ನಿಮ್ಮದೇ ಡಿಸ್ಕ್ ಒಯ್ಯಿರಿ, ಐದೂ ಗುಂಡಿಯಲ್ಲಿ ಹಾಕಿ ನೋಡಿ, ಕೊನೇ ಟ್ರ್ಯಾಕಿಗೆ ಹಾರಿಸಿ ಕೇಳಿ.

ಹೇಳಲೇಬೇಕು ಅಂತಲ್ಲ, ನನ್ನದು ಸೋನಿ 300 ಡಿಸ್ಕಿನದು. ಡಿಸ್ಕೆಲ್ಲ ಒಳಗೆ ನಿಂತುಕೊಂಡೇ ಇರುತ್ತವೆ. ಹಿಂದೆ ಕಂಪ್ಯೂಟರ್ ಕೀಬೋರ್ಡ್ ಸಿಕ್ಕಿಸಿ ಹೆಸರು ಟೈಪ್ ಮಾಡಬಹುದು. 212ನೇ ಡಿಸ್ಕ್ ಒತ್ತಿದರೆ ಒಳಗೆ ರಾಟವಾಣದ ಥರ ಸುತ್ತಿ ಬರುತ್ತದೆ.

ಒಂದೇ ಡಿಸ್ಕ್ ಒಂದೇ ಮಾತು

ಅದನ್ನು ಅಟ್ಟಕ್ಕೆ ಹಾಕುವವರು ಯಾರು?

ಕುವೆಂಪುನಗರ ಕೇಳುಗ (ಬುಧವಾರ)

ಎಲ್ಲರಿಗೂ ಥ್ಯಾಂಕ್ಸ್, ಮುಚ್ಚಳ ಹಾಕಿದೆ. ಈಗ ಟ್ರೇ ಹೊರಗೇ ಬರುತ್ತಿಲ್ಲ. ಒತ್ತಿದರೆ ಒಳಗೆ ಮೋಟರು ಗುಯ್ ಅನ್ನುತ್ತದೆ, ಬೆರಳಲ್ಲಿ ಎಳೆದರೆ ಬರುತ್ತದೆ. ಕೈಯಲ್ಲಿ ಒಂದು ಸ್ಕ್ರೂ ಕೂಡ ಉಳಿದಿದೆ. ಇದು ಎಲ್ಲಿಯದು?

ಲೆನ್ಸ್ ಡಾಕ್ಟರ್

ಇದು ಲೆನ್ಸ್ ಅಲ್ಲ ಅಂತ ನಾನೂ ಒಪ್ಪುತ್ತೇನೆ.

ಸಕ್ಕರೆ ಸೀಮೆ (ಮಂಡ್ಯ)

ಟ್ರೇ ಬೆಲ್ಟ್ ಸಡಿಲ ಆಗಿದೆ. ಹಳೇದನ್ನು ಬಿಚ್ಚಿ ಬಿಸಿ ನೀರಿನಲ್ಲಿ ಐದು ನಿಮಿಷ ಹಾಕಿದರೆ ಸ್ವಲ್ಪ ದಿನ ಎಳೆಯುತ್ತದೆ, ಅದು ತಾತ್ಕಾಲಿಕ. ಚಪ್ಪಟೆ ಮಾಡಿ ಉದ್ದ ಅಳೆದು, ಅದಕ್ಕಿಂತ ಚೂರು ಚಿಕ್ಕದು ತನ್ನಿ. ಬೆಲ್ಟನ್ನು ಅಡ್ಡ ಕತ್ತರಿಸಿದರೆ ಚೌಕ ಕಾಣುವಂಥದ್ದಿರಬೇಕು. ಬೆಂಗಳೂರಿಗೆ ಹೋದರೆ ಎಸ್.ಪಿ. ರೋಡಿನಲ್ಲಿ ಹುಡುಕಿ.

ಸ್ಕ್ರೂ ಫೋಟೊ ಹಾಕಿ. ಮಾಡೆಲ್ ಯಾವುದು ಅಂತ ಇನ್ನೂ ಹೇಳಿಲ್ಲ ನೀವು.