ಪುಟ್ಟಿಗೆ ಅತ್ತೆಯ ಉತ್ತರ: ಎಂಎಸ್‌ಡಬ್ಲ್ಯೂ ಮತ್ತು ಯೋಗ

ಪುಟ್ಟಿ, ನಿನ್ನೆ ನೀನು ಮನೆಯವರ ಗ್ರೂಪ್‌ನಲ್ಲಿ ಕೇಳಿದ್ದನ್ನು ಡ್ಯೂಟಿ ಮುಗಿಸಿ ಬಂದ ಮೇಲೆ ನೋಡಿದೆ. ಸಮಾಜಕಾರ್ಯದ ಡಿಗ್ರಿ ಬಿಎಸ್‌ಡಬ್ಲ್ಯೂ ಮುಗಿಯಿತು, ಈಗ ಅದರ ಮುಂದಿನ ಡಿಗ್ರಿ ಎಂಎಸ್‌ಡಬ್ಲ್ಯೂನೂ ಮಾಡಬೇಕು, ಯೋಗ ಥೆರಪಿಯಲ್ಲಿ ಎಂಎಸ್ಸಿನೂ ಮಾಡಬೇಕು, ಎರಡನ್ನೂ ಸೇರಿಸಿ ಸಮಗ್ರ ಆರೋಗ್ಯದ ಕೆಲಸ ಮಾಡಬೇಕು ಅಂತ ಬರೆದಿದ್ದೀಯ. ಅದರ ಕೆಳಗೇ ನಿನ್ನ ಅಪ್ಪ, ನನ್ನ ಅಣ್ಣ, ‘ಎರಡು ದೋಣಿಯಲ್ಲಿ ಕಾಲಿಡಬೇಡ, ಆಮೇಲೆ ಕೆಲಸ ಏನು ಸಿಗುತ್ತದೆ’ ಅಂದಿದ್ದಾನೆ. ಇದಕ್ಕೆ ಎರಡು ಸಾಲಿನಲ್ಲಿ ಉತ್ತರ ಹೇಳಲು ನನಗೆ ಮನಸ್ಸಿಲ್ಲ. ಆಸ್ಪತ್ರೆಯಲ್ಲಿ ಸೋಷಿಯಲ್ ವರ್ಕರ್ ಆಗಿ ಇಪ್ಪತ್ತು ವರ್ಷ ದಾಟಿತು, ಈ ಪ್ರಶ್ನೆ ನನ್ನದೂ ಹೌದು. ಸ್ವಲ್ಪ ಉದ್ದವಾಗುತ್ತದೆ, ಅಡುಗೆ ಮಾಡುತ್ತಾ ಕೇಳಿಸಿಕೊಳ್ಳಿ.

ಮೊದಲು ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ. ಊದುಬತ್ತಿ ಹೊಸೆಯುವ ಕೆಲಸ. ಶುಗರ್ ಇತ್ತು, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಪ್ರತಿ ತಿಂಗಳೂ ರಿಪೋರ್ಟ್ ಕೆಟ್ಟದಾಗಿಯೇ ಬರುತ್ತಿತ್ತು, ಪ್ರತಿ ತಿಂಗಳೂ ಡೋಸ್ ಜಾಸ್ತಿ ಆಗುತ್ತಿತ್ತು. ಊಟದ ಬಗ್ಗೆ ಒಬ್ಬರು ಚೀಟಿ ಬರೆದುಕೊಟ್ಟಿದ್ದರು: ಚಪಾತಿ, ಸೊಪ್ಪು, ಮೊಳಕೆ ಕಾಳು, ದಿನಾ ನಲವತ್ತು ನಿಮಿಷ ನಡಿಗೆ. ಇನ್ನೊಬ್ಬರು ಬೆಳಗ್ಗೆ ಎದ್ದು ಪ್ರಾಣಾಯಾಮ ಮಾಡಿ ಅಂದಿದ್ದರು. ಯಾರೂ ತಪ್ಪು ಹೇಳಿರಲಿಲ್ಲ. ನಾನು ಮನೆಗೆ ಹೋದೆ. ಒಂದೇ ಕೋಣೆ, ತಗಡಿನ ಚಾವಣಿ. ಇನ್ಸುಲಿನ್ ಡಬ್ಬಿ ಒಲೆಯ ಮೇಲಿನ ಗೂಡಿನಲ್ಲಿತ್ತು, ಮಕ್ಕಳ ಕೈಗೆ ಸಿಗದಿರಲಿ ಅಂತ. ಫ್ರಿಜ್ ಇಲ್ಲ. ಆ ಬಿಸಿಗೆ ಔಷಧಿ ಕೆಟ್ಟುಹೋಗುತ್ತಿತ್ತು. ಇನ್ನು ಬೆಳಗಿನ ಪ್ರಾಣಾಯಾಮ ಎಲ್ಲಿಂದ ಬರಬೇಕು? ನಾಲ್ಕು ಗಂಟೆಗೆ ಎದ್ದು ಬೀದಿ ನಲ್ಲಿಯ ಮುಂದೆ ಕೊಡ ಇಟ್ಟು ನಿಲ್ಲಬೇಕಿತ್ತು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ನಡಿಗೆಗೆ ಹೋಗುವ ಹಾಗೂ ಇರಲಿಲ್ಲ.

ನಾವು ಮಾಡಿದ್ದು ದೊಡ್ಡದೇನೂ ಅಲ್ಲ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಸಣ್ಣ ಮಡಕೆ ಇಟ್ಟು, ಇನ್ಸುಲಿನ್ ಅದರಲ್ಲಿ ಇಡುವುದನ್ನು ತೋರಿಸಿದೆವು. ಅವರ ಅತ್ತೆಗೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿಸಿದೆ. ಕೂತಲ್ಲಿಯೇ, ಕೈ ಕೆಲಸ ನಿಲ್ಲಿಸಿದ ಐದು ನಿಮಿಷದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಧಾನವಾಗಿ ಉಸಿರಾಡುವುದನ್ನು ಯೋಗ ಗೊತ್ತಿದ್ದ ನಮ್ಮ ನರ್ಸ್ ಹೇಳಿಕೊಟ್ಟರು. ಬರಬರುತ್ತಾ ಶುಗರ್ ಇಳಿಯಿತು. ಬೆನ್ನು ನೋವು ಕಡಿಮೆಯಾಗಿದ್ದನ್ನು ಅವರು ಅದಕ್ಕಿಂತ ಖುಷಿಯಿಂದ ಹೇಳಿದರು. ಪುಟ್ಟಿ, ಅವತ್ತು ಆ ಉಸಿರಾಟ ಹೇಳಿಕೊಡಲು ನನಗೆ ಬರುತ್ತಿರಲಿಲ್ಲ. ಆ ನರ್ಸ್ ಒಬ್ಬರೇ ಹೋಗಿದ್ದರೆ ಪಿಂಚಣಿ ಅರ್ಜಿ ಹಾಕಿಸುತ್ತಿರಲಿಲ್ಲ. ನೀನು ಎರಡನ್ನೂ ಕಲಿಯುತ್ತೇನೆ ಅಂದಾಗ ನನಗೆ ನೆನಪಾಗಿದ್ದು ಆ ಕೋಣೆ.

ಅಣ್ಣ, ಇದು ಹೊಸ ಹುಚ್ಚು ಅಂದುಕೊಳ್ಳಬೇಡ. ಸಿಸಿಲಿ ಸಾಂಡರ್ಸ್ ಅಂತ ಇಂಗ್ಲೆಂಡಿನ ಒಬ್ಬರಿದ್ದರು. ಮೊದಲು ನರ್ಸ್. ಬೆನ್ನು ನೋವಿನಿಂದ ಆ ಕೆಲಸ ಬಿಡಬೇಕಾಯಿತು. ಆಮೇಲೆ ಆಸ್ಪತ್ರೆಯ ಸೋಷಿಯಲ್ ವರ್ಕರ್ ಆದರು. ಸಾಯುತ್ತಿರುವ ಕ್ಯಾನ್ಸರ್ ರೋಗಿಗಳ ಪಕ್ಕ ಕೂತು ಕೂತು, ಇವರ ನೋವಿಗೆ ಏನಾದರೂ ಮಾಡಲೇಬೇಕು ಅಂತ ಮತ್ತೆ ಓದಿ 1957ರಲ್ಲಿ ಡಾಕ್ಟರ್ ಆದರು. ಆಗ ಅವರಿಗೆ ಮೂವತ್ತೆಂಟು, ಮೂವತ್ತೊಂಬತ್ತು ವಯಸ್ಸು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದರು, ಹಾಸ್ಪಿಸ್ ಅಂದರೆ ಕೊನೆಯ ದಿನಗಳಲ್ಲಿ ಇರುವ ರೋಗಿಗಳನ್ನು ನೋಡಿಕೊಳ್ಳುವ ಜಾಗ. ‘ಟೋಟಲ್ ಪೇನ್’ ಅನ್ನುವ ಮಾತು ಅವರದು. ಮೈಯ ನೋವು, ಮನಸ್ಸಿನ ಸಂಕಟ, ಮನೆಯ ದುಡ್ಡಿನ ಚಿಂತೆ, ದೇವರ ಮುಂದೆ ‘ನನಗೇ ಯಾಕೆ’ ಅನ್ನುವ ಪ್ರಶ್ನೆ, ಇವೆಲ್ಲ ಸೇರಿ ಒಂದೇ ನೋವು ಅಂತ ಅವರು ನೋಡಿದರು. ನೋವು ಇಳಿಸುವ ಮಾರ್ಫಿನ್ ಬೇಕೇ ಬೇಕು, ಆದರೆ ಮಗಳ ಫೀಸಿನ ಚಿಂತೆಯನ್ನು ಮಾರ್ಫಿನ್ ಕಳೆಯುವುದಿಲ್ಲ ಅಲ್ವಾ? ನಮ್ಮ ಬೆಂಗಳೂರಿನ ಕರುಣಾಶ್ರಯ ಇದೇ ದಾರಿಯದು, ರೋಗಿಗಳಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಪುಟ್ಟಿ, ಫೀಲ್ಡ್‌ವರ್ಕ್‌ಗೆ ಅಂಥ ಜಾಗ ಸಿಕ್ಕಿದರೆ ಬಿಡಬೇಡ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಬಿಳಿಗಿರಿರಂಗನ ಬೆಟ್ಟ. ಡಾಕ್ಟರ್ ಸುದರ್ಶನ್ ಸೋಲಿಗರಿಗೆ ಔಷಧಿ ಕೊಡಲು ಹೋದವರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಆಸ್ಪತ್ರೆಯ ಜೊತೆಗೆ ಶಾಲೆ ಬಂತು, ದುಡಿಮೆಯ ದಾರಿ ಬಂತು, ಕಾಡಿನ ಮೇಲಿನ ಹಕ್ಕಿನ ಮಾತು ಬಂತು. ಸೋಲಿಗರ ಗಿಡಮೂಲಿಕೆಯ ತಿಳಿವಳಿಕೆಯನ್ನು ಪಕ್ಕಕ್ಕೆ ತಳ್ಳಲಿಲ್ಲ. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನನ್ನ ಮಟ್ಟಿಗೆ ಸಮಗ್ರ ಆರೋಗ್ಯ ಅಂದರೆ ಅದೇ. ಎಣ್ಣೆ ಮಸಾಜು, ರೆಸಾರ್ಟು, ಡಿಟಾಕ್ಸ್ ಜ್ಯೂಸು ಇವುಗಳಿಗೂ ಈಗ ಅದೇ ಹೆಸರು ಹಚ್ಚುತ್ತಾರೆ. ಅದು ನನಗೆ ಬೇಸರದ ವಿಷಯ.

ಈಗ ನನ್ನ ಒಂದು ತಪ್ಪು ಹೇಳುತ್ತೇನೆ. ಇಷ್ಟು ವರ್ಷವಾದರೂ ಅದು ಮನಸ್ಸಿನಿಂದ ಹೋಗಿಲ್ಲ. ಒಬ್ಬ ರೈತರು ಬಾಯಿ ಹುಣ್ಣು ಅಂತ ಬಂದಿದ್ದರು. ತಂಬಾಕಿನ ಕಡ್ಡಿಪುಡಿ ಹಾಕುವ ಅಭ್ಯಾಸ. ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು, ಆಪರೇಷನ್ ಮಾಡಿದರೆ ಉಳಿಯುವ ಹಂತ. ನಾನು ಕಾರ್ಡು, ಕಾಗದ ಎಲ್ಲ ಸರಿ ಮಾಡಿಕೊಟ್ಟೆ. ಅವರು ಮೆಲ್ಲಗೆ ‘ಒಬ್ಬರು ನಾಟಿ ಪುಡಿ ಕೊಡುತ್ತಾರಂತೆ’ ಅಂದರು. ‘ಅದೆಲ್ಲ ಸುಳ್ಳು, ಸುಮ್ನಿರಿ’ ಅಂದುಬಿಟ್ಟೆ. ಅವರು ಸುಮ್ಮನಾದರು. ಆಪರೇಷನ್ ದಿನ ಬರಲೇ ಇಲ್ಲ. ಐದು ತಿಂಗಳಾದ ಮೇಲೆ ಬಂದಾಗ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಊರಿನಲ್ಲಿ ಯಾರಿಗೋ ದವಡೆ ತೆಗೆದಿದ್ದರಂತೆ, ಆ ಮುಖ ನೋಡಿ ಹೆದರಿದ್ದರು ಅಂತ ಅವರ ಹೆಂಡತಿ ಆಮೇಲೆ ಹೇಳಿದರು. ಪುಡಿಯ ಮಾತು ಎತ್ತಿದಾಗ ಅವರು ಆ ಹೆದರಿಕೆಯನ್ನೇ ಹೇಳುತ್ತಿದ್ದರು. ನನಗೆ ಅದು ಕೇಳಿಸಲಿಲ್ಲ.

ಅದಕ್ಕೇ ನೀನು ಓದು ಅನ್ನುವುದು. ರೋಗಿ ನಿನ್ನ ಮುಂದೆ ಪುಡಿ, ಕಷಾಯ, ಹರಕೆ, ತಾಯತ ಏನು ಬೇಕಾದರೂ ಹೇಳಿಕೊಳ್ಳುವ ಹಾಗಿರಬೇಕು. ಯಾವುದು ಒಳ್ಳೆಯದು, ಯಾವುದರಿಂದ ತೊಂದರೆ ಇಲ್ಲ, ಯಾವುದು ಪ್ರಾಣ ತೆಗೆಯುತ್ತದೆ ಅಂತ ನಿನಗೆ ಗೊತ್ತಿರಬೇಕು. ಯೋಗ ಏನು ಮಾಡುತ್ತದೆ ಅಂತ ಕಲಿಸುವ ಹಾಗೆ, ಏನು ಮಾಡುವುದಿಲ್ಲ ಅಂತಲೂ ಕಲಿಸುವ ಕಡೆ ಸೇರು. ಮಾನಸಿಕ ಕಾಯಿಲೆಯವರ ಮಾತ್ರೆ, ಶುಗರ್‌ನವರ ಇನ್ಸುಲಿನ್ ನಿಲ್ಲಿಸಬಹುದು ಅಂತ ಯಾರಾದರೂ ಪಾಠ ಮಾಡಿದರೆ ಅವತ್ತೇ ಎದ್ದು ಬಾ. ನಿಮ್ಹಾನ್ಸ್‌ನಲ್ಲಿ ಯೋಗ ಇದೆ, ಇಂಟಿಗ್ರೇಟಿವ್ ಮೆಡಿಸಿನ್ ಅಂತ ವಿಭಾಗವೇ ಇದೆ. ಅಲ್ಲಿ ಅದು ಔಷಧಿಯ ಜೊತೆಗೆ ನಡೆಯುತ್ತದೆ.

ಅಣ್ಣ ಕೇಳಿದ ಕೆಲಸದ ವಿಷಯಕ್ಕೆ ಬರುತ್ತೇನೆ. 2022ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಆಯೋಗ, ಒಟ್ಟಿಗೆ ಎರಡು ಡಿಗ್ರಿ ಮಾಡಲು ಒಪ್ಪಿಗೆ ಕೊಟ್ಟಿದೆ ನಿಜ. ಆದರೂ ಪುಟ್ಟಿ, ಒಟ್ಟಿಗೆ ಮಾಡಬೇಡ. ಎಂಎಸ್‌ಡಬ್ಲ್ಯೂನ ಜೀವ ಇರುವುದು ಫೀಲ್ಡ್‌ವರ್ಕ್‌ನಲ್ಲಿ. ವಾರದಲ್ಲಿ ಆಸ್ಪತ್ರೆ, ಸ್ಲಮ್ಮು, ಹಳ್ಳಿ ಸುತ್ತಿ ಬಂದು ರಾತ್ರಿ ರಿಪೋರ್ಟ್ ಬರೆಯಬೇಕು. ಅದರ ಜೊತೆ ಇನ್ನೊಂದು ಡಿಗ್ರಿ ಇಟ್ಟುಕೊಂಡರೆ ಮೊದಲು ಹೊಡೆತ ಬೀಳುವುದು ಫೀಲ್ಡ್‌ವರ್ಕ್‌ಗೇ. ಎಂಎಸ್‌ಡಬ್ಲ್ಯೂ ಮೊದಲು ಮುಗಿಸು. ಆ ಎರಡು ವರ್ಷದಲ್ಲಿ ಬೆಳಗ್ಗೆ ನಿನ್ನ ಅಭ್ಯಾಸ ಬಿಡಬೇಡ, ಬೇಕಾದರೆ ಆಯುಷ್‌ನ ಯೋಗ ಸರ್ಟಿಫಿಕೇಷನ್ ಬೋರ್ಡ್ ಪರೀಕ್ಷೆ ಕಟ್ಟು. ಒಂದೆರಡು ವರ್ಷ ಕೆಲಸ ಮಾಡು. ಆಮೇಲೆ ಯೋಗ ಥೆರಪಿಗೆ ಹೋಗು, ಆಗ ಕ್ಲಾಸಿನಲ್ಲಿ ಏನು ಕೇಳಬೇಕು ಅಂತ ನಿನಗೇ ಗೊತ್ತಿರುತ್ತದೆ.

ಇನ್ನೊಂದು ಗಮನದಲ್ಲಿರಲಿ. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ಅಂದರೆ ಮಾನಸಿಕ ಕಾಯಿಲೆಯವರ ಜೊತೆ ಕೆಲಸ ಮಾಡುವವರು, ಅನ್ನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಸಾಲದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅದರ ಮೇಲೆ ಆ ವಿಷಯದಲ್ಲೇ ಎರಡು ವರ್ಷದ ಎಂಫಿಲ್, ಇಲ್ಲವೇ ನಿಯಮದಲ್ಲಿ ಒಪ್ಪಿದ ಬೇರೆ ಅರ್ಹತೆ ಬೇಕು; ಈಗ ಯಾವುದು ನಡೆಯುತ್ತದೆ ಅಂತ ವಿಚಾರಿಸು. ಯೋಗದ ಡಿಗ್ರಿ ಅದರ ಬದಲಿಗೆ ನಡೆಯುವುದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಆ ದಾರಿ ಬೇರೆ, ಈಗಲೇ ಯೋಚಿಸು. ಸಂಬಳ ಶುರುವಿನಲ್ಲಿ ಕಡಿಮೆಯೇ, ಅದನ್ನು ಮುಚ್ಚಿಡುವುದಿಲ್ಲ. ಅಣ್ಣ, ನಿನ್ನ ಚಿಂತೆ ನನಗೆ ಅರ್ಥವಾಗುತ್ತದೆ. ನಾನು ಸೇರಿದಾಗ ಅಪ್ಪನೂ ಇದೇ ಚಿಂತೆ ಮಾಡಿದ್ದರು. ಆದರೆ ಇವಳು ಹೇಳುತ್ತಿರುವುದು ಒಂದೇ ದೋಣಿಯ ಎರಡು ಹುಟ್ಟು. ಎರಡು ವರ್ಷದ ಫೀಸಿನಲ್ಲಿ ನನ್ನ ಕೈಲಾದಷ್ಟು ನಾನೂ ಹಾಕುತ್ತೇನೆ. ಅತ್ತಿಗೆ, ನೀವೂ ಒಂದು ಮಾತು ಹೇಳಿ.

ಪುಟ್ಟಿ, ಬರುವ ಮಂಗಳವಾರ ನನ್ನ ಹೋಮ್ ವಿಸಿಟ್ ದಿನ. ಆ ಊದುಬತ್ತಿಯವರ ಮನೆಗೂ ಹೋಗುವುದಿದೆ. ನೀನು ಬರಬಹುದಾ ಅಂತ ಫೋನ್ ಮಾಡಿ ಕೇಳಿದೆ, ಕರೆದುಕೊಂಡು ಬನ್ನಿ ಅಂದರು. ಎಂಟೂವರೆಗೆ ಬಸ್ ಸ್ಟ್ಯಾಂಡ್ ಹತ್ತಿರ ಸಿಗು, ನೀರಿನ ಬಾಟಲಿ ತಾ. ಅವರ ಮನೆಯಲ್ಲಿ ಕಾಫಿ ಕೊಟ್ಟರೆ ಬೇಡ ಅನ್ನಬೇಡ.